ಬಂಡೆಯನ್ನು ಬೋಳಾಗಿಸಿದವರು ಯಾರು?

ಕಡಲಂಚಿನ ಬಂಡೆ ಬೋಳಾಗಿರುವುದರಲ್ಲಿ ಏನು ವಿಶೇಷ ಎನ್ನುತ್ತೀರಾ? ಉಪ್ಪುನೀರು, ಸುಡುಬಿಸಿಲು, ಅಲೆಗಳ ಹೊಡೆತ; ಅಲ್ಲಿ ಏನು ತಾನೇ ಬೆಳೆದೀತು ಎಂದುಕೊಂಡು ಮುಂದೆ ನಡೆದುಬಿಡುತ್ತೇವೆ. ನಿಜ ಸಂಗತಿ ತಿಳಿದರೆ ಕಾಲು ಅಲ್ಲೇ ನಿಲ್ಲುತ್ತದೆ. ಆ ಬಂಡೆಯ ಮೇಲೆ ಬೆಳೆ ಇದೆ, ದಿನವೂ ಇದೆ. ಬೆಳೆದಷ್ಟನ್ನೂ ಯಾರೋ ಮೇದು ಮುಗಿಸುತ್ತಿದ್ದಾರೆ!

ಮೇಯುವವರು ಕಣ್ಣೆದುರೇ ಕೂತಿದ್ದಾರೆ. ಬ್ರಿಟನ್ನಿನ ಕರಾವಳಿಯಲ್ಲಿ ಬಂಡೆಗೆ ಬಿಗಿಯಾಗಿ ಅಂಟಿಕೊಂಡಿರುವ ಲಿಂಪೆಟ್‌ಗಳನ್ನು ನೋಡಿ. ಬಸವನಹುಳುವಿನ ಬಳಗವೇ, ಆದರೆ ಚಿಪ್ಪಿಗೆ ಸುರುಳಿಯಿಲ್ಲ, ಶಂಕುವಿನ ಆಕಾರ. ಬಂಡೆಯ ಮೇಲೆ ಬೆರಳಾಡಿಸಿದಾಗ ನವಿರಾಗಿ ಜಾರುತ್ತದಲ್ಲ, ಆ ಲೋಳೆಯೇ ಅವುಗಳ ಹುಲ್ಲುಗಾವಲು. ಅದರೊಳಗೆ ಸಿಲಿಕಾ ಕವಚ ತೊಟ್ಟ ಒಂಟಿಕೋಶದ ಡಯಾಟಮ್‌ಗಳಿವೆ, ನೀಲಿಹಸಿರು ಪಾಚಿಯಿದೆ, ಬ್ಯಾಕ್ಟೀರಿಯಾಗಳಿವೆ. ಮುಂದೆ ಮೊಣಕಾಲುದ್ದ ಬೆಳೆಯಬಲ್ಲ ಕಡಲಪಾಚಿಗಳ ಮೊಳಕೆಗಳೂ ಇವೆ, ಕಣ್ಣಿಗೆ ಬೀಳದಷ್ಟು ಸಣ್ಣವು.

ಕಲ್ಲಿನಿಂದ ಇದನ್ನು ಕೆರೆದು ತೆಗೆಯಲು ಎಂಥ ಹಲ್ಲು ಬೇಕು! ಲಿಂಪೆಟ್‌ನ ನಾಲಗೆ ಅದರ ಚಿಪ್ಪಿಗಿಂತಲೂ ಉದ್ದದ ಪಟ್ಟಿ. ಅದರ ಮೇಲೆ ನಮ್ಮ ತುರಿಮಣೆಯ ಹಲ್ಲುಗಳಂತೆ ಸಾಲುಸಾಲಾಗಿ ಸುಮಾರು 1,900 ಹಲ್ಲು. ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನಿಂದ ಹೊಸ ಸಾಲು ಬರುತ್ತಲೇ ಇರುತ್ತದೆ. ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಆಸಾ ಬಾರ್ಬರ್ ಮತ್ತು ಸಂಗಡಿಗರು ಈ ಹಲ್ಲಿನ ಚೂರನ್ನು ಎಳೆದು ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು: ಎಳೆತ ತಾಳುವ ಬಲ 3ರಿಂದ 6.5 ಗಿಗಾಪ್ಯಾಸ್ಕಲ್! ಅಲ್ಲಿಯವರೆಗೆ ಜೀವಜಗತ್ತಿನ ಅತಿ ಗಟ್ಟಿ ವಸ್ತುವೆಂಬ ಬಿರುದು ಜೇಡದ ನೂಲಿಗಿತ್ತು. ಗೋಥೈಟ್ ಎಂಬ ಕಬ್ಬಿಣದ ಖನಿಜದ ಅತಿಸೂಕ್ಷ್ಮ ನಾರುಗಳು ಈ ಹಲ್ಲಿನೊಳಗೆ ಹೆಣೆದುಕೊಂಡಿವೆ. ನಾಲಗೆಯ ತುಂಬ ಕಬ್ಬಿಣ!

ಮೇದ ಮೇಲೆ ಅದು ಮನೆಗೆ ಮರಳುತ್ತದೆ. ಹೌದು, ಮನೆಗೆ! ಬಂಡೆಯ ಮೇಲೆ ಪ್ರತಿ ಲಿಂಪೆಟ್‌ಗೂ ತನ್ನದೇ ಆದ ಒಂದು ಜಾಗ. ಚಿಪ್ಪಿನ ಅಂಚು ಆ ಕಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಕೂರುವಂತೆ ಬೆಳೆದಿರುತ್ತದೆ. ಇಳಿತದ ಬಿಸಿಲಿನಲ್ಲಿ ಮೈಯ ನೀರು ಆರದಂತೆ ಕಾಯುವುದು ಈ ಬಿಗಿಯೇ.

ಈ ಪುಟ್ಟ ಜೀವಿ ಇಡೀ ತೀರದ ಬಣ್ಣವನ್ನೇ ನಿರ್ಧರಿಸುತ್ತದೆ ಎಂದರೆ ನಂಬುತ್ತೀರಾ? 1946ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪೋರ್ಟ್ ಸೇಂಟ್ ಮೇರಿಯಲ್ಲಿ ಎನ್. ಎಸ್. ಜೋನ್ಸ್ ಎಂಬ ವಿಜ್ಞಾನಿ ಸುಮಾರು 10 ಮೀಟರ್ ಅಗಲದ ಪಟ್ಟಿಯೊಂದರಿಂದ ಲಿಂಪೆಟ್‌ಗಳನ್ನೆಲ್ಲ ತೆಗೆದುಹಾಕಿದರು. ಬೋಳು ಬಂಡೆ ಹಸಿರಾಯಿತು. ಬಳಿಕ ಕಂದು ಕಡಲಪಾಚಿ ದಟ್ಟವಾಗಿ ಹಬ್ಬಿತು.

ಅದು ಒಂದು ಪಟ್ಟಿಯ ಮಾತು. 1967ರ ಮಾರ್ಚ್ 18ರಂದು ಟಾರಿ ಕ್ಯಾನ್ಯನ್ ಎಂಬ ತೈಲನೌಕೆ ಬ್ರಿಟನ್ನಿನ ಕಾರ್ನ್‌ವಾಲ್ ಬಳಿ ಬಂಡೆಗೆ ಬಡಿಯಿತು. ಹಡಗಿನಲ್ಲಿದ್ದದ್ದು ಸುಮಾರು 1,19,000 ಟನ್ ಕಚ್ಚಾ ತೈಲ. ದಡ ತೊಳೆಯಲು ಸುರಿದ ಡಿಟರ್ಜೆಂಟ್ ಸುಮಾರು 10,000 ಟನ್. ತೈಲಕ್ಕಿಂತ ಹೆಚ್ಚಾಗಿ ಆ ಡಿಟರ್ಜೆಂಟೇ ಲಿಂಪೆಟ್‌ಗಳನ್ನು ಕೊಂದಿತು. ಮೇಯುವವರಿಲ್ಲದ ಬಂಡೆಗಳು ಕೆಲವೇ ತಿಂಗಳಲ್ಲಿ ಹಸಿರಾದವು, ಆಮೇಲೆ ಕಂದು ಪಾಚಿಯ ಕಾಡಾದವು. ಅದರ ತಂಪು ನೆರಳಿನಲ್ಲಿ ಲಿಂಪೆಟ್ ಮರಿಗಳು ಲೆಕ್ಕವಿಲ್ಲದಷ್ಟು ಹುಟ್ಟಿ ಬೆಳೆದವು, ಕಾಡನ್ನೇ ತಿಂದು ಮುಗಿಸಿದವು. ಆಮೇಲೆ ನಡೆದದ್ದು ನೋಡಿ: ಹಸಿವಿನಿಂದ ಕಂಗೆಟ್ಟ ಲಿಂಪೆಟ್‌ಗಳು ಮನೆಗೆ ಮರಳುವ ಹುಟ್ಟುಗುಣವನ್ನೇ ಬಿಟ್ಟು, ಸಾಲುಗಟ್ಟಿ ತೀರದುದ್ದಕ್ಕೂ ಗುಳೆ ಹೊರಟವು! ತೀರ ಮೊದಲಿನಂತಾಗಲು ಕೆಲವೆಡೆ 10ರಿಂದ 15 ವರ್ಷ ಬೇಕಾಯಿತು. ಗಾಡ್ರೆವಿ ಎಂಬಲ್ಲಿ ಮಾತ್ರ ಸೀಲ್‌ಗಳಿಗೆ ತೊಂದರೆಯಾದೀತೆಂದು ಡಿಟರ್ಜೆಂಟ್ ಸುರಿದಿರಲಿಲ್ಲ. ಅಲ್ಲಿ ಬದುಕುಳಿದ ಲಿಂಪೆಟ್‌ಗಳು ಬಂಡೆಗಂಟಿದ ತೈಲವನ್ನೂ ಕೆರೆದು ಹಾಕಿದವು; ಎರಡು ಮೂರು ವರ್ಷದಲ್ಲೇ ತೀರ ಚೇತರಿಸಿಕೊಂಡಿತು. ಮನುಷ್ಯ ಕೈಕಟ್ಟಿ ಕೂತದ್ದೇ ಉಪಕಾರವಾಯಿತು ಎನ್ನಬೇಕು.

ಮೇಯುವುದು ಮಾತ್ರವಲ್ಲ, ಬೆಳೆ ತೆಗೆಯುವುದೂ ಇವಕ್ಕೆ ಗೊತ್ತು. ಕ್ಯಾಲಿಫೋರ್ನಿಯಾದಲ್ಲಿ ನಡೆದ, 1984ರಲ್ಲಿ ಪ್ರಕಟವಾದ ಅಧ್ಯಯನವೊಂದು ಲಿಂಪೆಟ್‌ಗಳು ದಾರಿಯುದ್ದಕ್ಕೂ ಬಿಡುವ ಲೋಳೆಯನ್ನು ಪರೀಕ್ಷಿಸಿತು. ತಮ್ಮದೇ ಜಾಗಕ್ಕೆ ಮರಳುವ ಜಾತಿಗಳ ಲೋಳೆಯ ಮೇಲೆ ಸೂಕ್ಷ್ಮ ಪಾಚಿ ಸೊಂಪಾಗಿ ಬೆಳೆಯಿತು. ಅಲೆಮಾರಿ ಜಾತಿಯ ಲೋಳೆಗೆ ಆ ಗುಣವಿರಲಿಲ್ಲ. ಮತ್ತೆ ಅದೇ ಹೊಲಕ್ಕೆ ಬರುವವನಷ್ಟೇ ಗೊಬ್ಬರ ಹಾಕುತ್ತಾನೆ, ಅಲ್ಲವೇ?

ನಮ್ಮ ಪಶ್ಚಿಮ ಕರಾವಳಿಯ ಬಂಡೆಗಳಲ್ಲೂ ಸೆಲಾನಾ ರೇಡಿಯೇಟಾ ಎಂಬ ಲಿಂಪೆಟ್ ಇದೆ. ಗೋಕರ್ಣಕ್ಕೋ ಸೋಮೇಶ್ವರಕ್ಕೋ ಹೋದಾಗ, ಇಳಿತದ ಹೊತ್ತು ನೋಡಿಕೊಂಡು, ಬಂಡೆಯ ಬಳಿ ಕುಕ್ಕರಗಾಲಲ್ಲಿ ಕೂತು ಹುಡುಕಿ. ಮಕ್ಕಳಿಗೂ ತೋರಿಸಿ. ಚಿಪ್ಪನ್ನು ಮಾತ್ರ ಕೀಳಬೇಡಿ: ಕಿತ್ತ ಲಿಂಪೆಟ್ ಸಾಮಾನ್ಯವಾಗಿ ಮತ್ತೆ ಬಂಡೆ ಹಿಡಿಯುವ ಮೊದಲೇ ಅಲೆಗೋ ಏಡಿಗೋ ಹಕ್ಕಿಗೋ ತುತ್ತಾಗುತ್ತದೆ.