ಇಳಿಜಾರಿನ ನೆಲಕ್ಕೆ ಎಂತಹ ಟ್ರಾಕ್ಟರು?

ಮಲೆನಾಡಿನ ಇಳಿಜಾರು ತೋಟಕ್ಕೆ ಮೊದಲ ಬಾರಿಗೆ ಸಣ್ಣ ಟ್ರಾಕ್ಟರನ್ನು ಕೊಳ್ಳುವವರು ಅದರ ಅಶ್ವಶಕ್ತಿಯನ್ನು ವಿಚಾರಿಸುವುದು ಸಹಜ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಯಂತ್ರವು ಎಷ್ಟು ಓರೆಯಾದರೆ ಮಗುಚುತ್ತದೆ?

ಗುರುತ್ವಕೇಂದ್ರದಿಂದ ಕೆಳಕ್ಕೆಳೆದ ಲಂಬರೇಖೆಯು ಆಧಾರದೊಳಗೆ ಬೀಳುವವರೆಗೆ ವಸ್ತುವು ನಿಲ್ಲುತ್ತದೆ, ಹೊರಬಿದ್ದೊಡನೆ ಉರುಳುತ್ತದೆ. ಎಡಬಲ ಚಕ್ರಗಳ ಅಂತರ 120 ಸೆಂಟಿಮೀಟರ್, ಗುರುತ್ವಕೇಂದ್ರದ ಎತ್ತರ 60 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1 ಬರುತ್ತದೆ. ಇದು 45 ಡಿಗ್ರಿಯ ಟ್ಯಾಂಜೆಂಟ್. ಮಗುಚುವ ಕೋನ ಅದೇ. ಗಿಡಗಳ ಸಾಲಿನಲ್ಲಿ ನುಸುಳಲೆಂದು ಅಂತರವನ್ನು 90ಕ್ಕೆ ಇಳಿಸಿ, ಎತ್ತರ 75 ಆದರೆ ಕೋನವು ಸುಮಾರು 31 ಡಿಗ್ರಿಗೆ ಕುಗ್ಗುತ್ತದೆ.

ಈ ಲೆಕ್ಕವು ನಿಂತ ಯಂತ್ರಕ್ಕೆ ಮಾತ್ರ. ಸಾಮಾನ್ಯ ಟ್ರಾಕ್ಟರಿನ ಮುಂದಿನ ಅಚ್ಚು ನಡುವಿನ ತಿರುಗಣೆಯ ಮೇಲೆ ವಾಲಾಡುವುದರಿಂದ ಅದರ ಆಧಾರವು ಮೊದಮೊದಲು ತ್ರಿಕೋನದಂತೆಯೇ ಇರುತ್ತದೆ. ಮೇಲ್ಬದಿಯ ಚಕ್ರವು ಕಲ್ಲನ್ನೇರಿದರೆ ಓರೆ ಹೆಚ್ಚುತ್ತದೆ. ತಿರುವಿನಲ್ಲಿ ವೇಗವು ಇಮ್ಮಡಿಯಾದರೆ ಹೊರಕ್ಕೆ ಉರುಳಿಸುವ ಪ್ರವೃತ್ತಿ ನಾಲ್ಮಡಿಯಾಗುತ್ತದೆ. ಆದುದರಿಂದ ಸುರಕ್ಷಿತವಾದ ಇಳಿಜಾರು ಲೆಕ್ಕದ ಕೋನಕ್ಕಿಂತ ಬಹಳ ಕಡಿಮೆ.

ಹಾಗಾದರೆ ಆಯ್ಕೆ ಹೇಗೆ? ತಗ್ಗಾದ ಮೈಕಟ್ಟು, ಹಿಂಚಕ್ರಗಳ ಅಂತರವನ್ನು ಹಿಗ್ಗಿಸುವ ಅನುಕೂಲ, ಚಾಲಕನ ರಕ್ಷಣೆಗೆ ಉಕ್ಕಿನ ಚೌಕಟ್ಟು—ಈ ಮೂರನ್ನೂ ನೋಡಬೇಕು. ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರಾಕ್ಟರುಗಳಿಗೆ ಈ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಬಹಳವಾಗಿ ಇಳಿಯಿತು. ಆದರೆ ಸೊಂಟದ ಪಟ್ಟಿಯನ್ನು ಕಟ್ಟಿಕೊಳ್ಳದ ಚಾಲಕನು ಚೌಕಟ್ಟಿನಿಂದ ಹೊರಕ್ಕೆಸೆಯಲ್ಪಟ್ಟು ಅದೇ ಯಂತ್ರದ ಅಡಿಗೆ ಸಿಲುಕಬಹುದು. ಅಶ್ವಶಕ್ತಿ ಸ್ವಲ್ಪ ಕಡಿಮೆಯಾದರೆ ಕೆಲಸವು ತಡವಾದೀತು, ಅಷ್ಟೆ. ಸ್ಥಿರತೆ ಕಡಿಮೆಯಾದರೆ ತೆರಬೇಕಾದದ್ದು ಪ್ರಾಣವನ್ನು.