ದಿನಕ್ಕೆ ಐದು ಹನಿ

ಬ್ಯಾಕ್ಲೋಫೆನ್ ಮಾತ್ರೆ ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಬೆನ್ನುಹುರಿಗೆ ಪೆಟ್ಟಾದವರು, ಸೆರೆಬ್ರಲ್ ಪಾಲ್ಸಿ ಇರುವವರು, ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗಿಗಳು ಸೆಟೆದುಕೊಂಡ ಸ್ನಾಯುಗಳು ಸಡಿಲಾಗಲೆಂದು ಇದನ್ನು ನುಂಗುತ್ತಾರೆ. ದೊಡ್ಡವರಿಗೆ ದಿನಕ್ಕೆ ಹೆಚ್ಚೆಂದರೆ ಸಾಮಾನ್ಯವಾಗಿ 80 ಮಿಲಿಗ್ರಾಂ, ಅಂದರೆ ಹತ್ತು ಮಿಲಿಗ್ರಾಂನ ಎಂಟು ಮಾತ್ರೆ. ಅಷ್ಟು ನುಂಗಿದರೂ ಬೆನ್ನುಹುರಿಗೆ ಮುಟ್ಟುವುದು ಚೂರೇ ಚೂರು. ಉಳಿದದ್ದು ಮೈಯೆಲ್ಲ ಸುತ್ತಿ, ತೂಕಡಿಕೆ, ತಲೆಸುತ್ತು ತಂದಿಟ್ಟು ಮೂತ್ರದಲ್ಲಿ ಹೊರಟುಹೋಗುತ್ತದೆ.

1984ರಲ್ಲಿ ಶಿಕಾಗೋದ ರಿಚರ್ಡ್ ಪೆನ್ ಮತ್ತು ಜೆಫ್ರಿ ಕ್ರೋಯಿನ್ ಈ ಸುತ್ತುದಾರಿಯನ್ನೇ ಬಿಟ್ಟು, ಬೆನ್ನುಹುರಿ ತೇಲುವ ದ್ರವಕ್ಕೇ ಔಷಧಿ ಹರಿಸಿದ ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ ಒಪ್ಪಿಗೆ ಕೊಟ್ಟಿತು. ಈ ದಾರಿಯಲ್ಲಿ ಬಹಳಷ್ಟು ರೋಗಿಗಳಿಗೆ ದಿನಕ್ಕೆ 300ರಿಂದ 800 ಮೈಕ್ರೋಗ್ರಾಂ ಸಾಕು. ನಡುವಿನ 500 ಅನ್ನೇ ಹಿಡಿಯೋಣ: ಪುಡಿ ಉಪ್ಪಿನ ಏಳೆಂಟು ಹರಳಿನಷ್ಟು ತೂಕ. ಮಾತ್ರೆಯ ಲೆಕ್ಕದಲ್ಲಿ ನೂರರಲ್ಲೊಂದು ಪಾಲೂ ಇಲ್ಲ.

ಹೀಗೆ ಔಷಧಿ ಹರಿಸುವ ಪಂಪ್ ಕೂರುವುದು ಹೊಟ್ಟೆಯ ಚರ್ಮದ ಕೆಳಗೆ. ಬಹುಬಳಕೆಯ ಮಾದರಿಯೊಂದು ಎಂಟೂಮುಕ್ಕಾಲು ಸೆಂಟಿಮೀಟರ್ ಅಗಲದ ಟೈಟಾನಿಯಂ ಬಿಲ್ಲೆ, ಒಳಗೆ 40 ಮಿಲಿಲೀಟರ್ ಹಿಡಿಯುವ ತೊಟ್ಟಿ. ಔಷಧಿಯ ಸಾಂದ್ರತೆ ಮಿಲಿಲೀಟರಿಗೆ 2000 ಮೈಕ್ರೋಗ್ರಾಂ ಇದ್ದರೆ ದಿನಕ್ಕೆ ಹೋಗುವುದು ಕಾಲು ಮಿಲಿಲೀಟರ್, ಸುಮಾರು ಐದು ಹನಿ. ಐದು ಗಂಟೆಗೊಂದು ಹನಿ! ಇಡೀ ತೊಟ್ಟಿಯಲ್ಲಿರುವ ಔಷಧಿ 80 ಮಿಲಿಗ್ರಾಂ. ಬಾಯಿಯ ದಾರಿಯಲ್ಲಿ ಒಂದೇ ದಿನಕ್ಕೆ ಮುಗಿಯುವುದು ಇಲ್ಲಿ 160 ದಿನ ಬರುತ್ತದೆ.

ಅಪಾಯವಿರುವುದೂ ಈ ಕಿರಿದುತನದಲ್ಲೇ. ಔಷಧಿ ಮೈಗೆ ಒಗ್ಗುತ್ತದೆಯೇ ಎಂದು ನೋಡಲು ವೈದ್ಯರು ಮೊದಲು ಕೊಡುವುದು 50 ಮೈಕ್ರೋಗ್ರಾಂ. ತೊಟ್ಟಿಯ ದ್ರವದಲ್ಲಿ ಅದು ಅರ್ಧ ಹನಿ. ಔಷಧಿ 500 ಮತ್ತು 2000 ಎರಡೂ ಸಾಂದ್ರತೆಗಳಲ್ಲಿ ಬರುತ್ತದೆ. ಒಂದನ್ನು ತುಂಬಿ ಪಂಪಿಗೆ ಇನ್ನೊಂದರ ಲೆಕ್ಕ ಕೊಟ್ಟರೆ ನಾಲ್ಕು ಪಟ್ಟು ಹೆಚ್ಚು, ಇಲ್ಲವೇ ನಾಲ್ಕರಲ್ಲೊಂದು. ಹೆಚ್ಚಾದರೆ ಸ್ನಾಯುಗಳ ಬಲ ಉಡುಗುತ್ತದೆ, ಉಸಿರು ಇಳಿಯುತ್ತದೆ, ಪ್ರಜ್ಞೆಯೂ ತಪ್ಪಬಹುದು.

ಔಷಧಿ ನಿಂತುಹೋದರಂತೂ ಇನ್ನೂ ಘೋರ. ಪಂಪಿನಿಂದ ಬೆನ್ನಿಗೆ ಹೋಗುವ ಕೊಳವೆಯ ಒಳಗಿಂಡಿ ಅರ್ಧ ಮಿಲಿಮೀಟರ್. ಅದು ಮಡಿಚಿಕೊಳ್ಳಬಹುದು, ಸೀಳಬಹುದು, ಜಾರಿ ಹೊರಬರಬಹುದು. ಪಂಪಿಗೆ ಅದು ಗೊತ್ತೇ ಆಗುವುದಿಲ್ಲ. ತಾನು ತಳ್ಳಿದ್ದು ಬೆನ್ನುಹುರಿಗೆ ಮುಟ್ಟಿತೆಂದೇ ಅದರ ಲೆಕ್ಕ. ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕಾರಣವಿಲ್ಲದ ತುರಿಕೆ, ಹಳೆಯದಕ್ಕಿಂತ ಕಡುವಾದ ಸೆಟೆತ, ಜೋರು ಜ್ವರ, ಗೊಂದಲ. ಔಷಧಿ ಮಾರುಕಟ್ಟೆಗೆ ಬಂದ ಮೊದಲ ಒಂಬತ್ತು ವರ್ಷಗಳಲ್ಲಿ ಇಂಥ 27 ಪ್ರಕರಣಗಳು ವರದಿಯಾದವು, ಆರು ಮಂದಿ ತೀರಿಕೊಂಡರು. ಔಷಧಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂದದ್ದು 2002ರಲ್ಲಿ. ಮಾತ್ರೆ ನುಂಗಿಸಿ ಈ ಕೊರತೆ ತುಂಬುತ್ತೇವೆಂದು ನೆಚ್ಚುವಂತಿಲ್ಲ.

ತೊಟ್ಟಿ ತುಂಬುವುದು ಚರ್ಮದ ಮೇಲಿಂದ, ಸೂಜಿಯಲ್ಲಿ. ಪಂಪಿನ ನಡುವಿನ ರಬ್ಬರ್ ಬಾಯಿಯನ್ನು ಬೆರಳಿನಿಂದ ತಡಕಿ ಗುರುತಿಸಬೇಕು. ಗುರಿ ತಪ್ಪಿದರೆ ತಿಂಗಳುಗಟ್ಟಲೆಯ ಔಷಧಿ ಒಮ್ಮೆಲೇ ಪಂಪಿನ ಸುತ್ತಲಿನ ಮಾಂಸಕ್ಕೆ ಸುರಿಯುತ್ತದೆ. ಮೊದಲು ಅತಿಯಾದ ಪ್ರಮಾಣ, ಆಮೇಲೆ ಖಾಲಿ ತೊಟ್ಟಿ. ಪಂಪ್ ತಯಾರಿಸುವ ಮೆಡ್ಟ್ರಾನಿಕ್ ಕಂಪನಿಯೇ 2011ರಲ್ಲಿ ಹೇಳಿದ ಲೆಕ್ಕ: 1996ರಿಂದ 2010ರವರೆಗೆ ಇಂಥ 351 ವರದಿ, ಎಂಟು ಸಾವು. ನೋವಿಗೆಂದು ಬೇರೆ ಔಷಧಿ ತುಂಬಿದ ಪಂಪುಗಳೂ ಇದರಲ್ಲಿ ಸೇರಿವೆಯೆನ್ನಿ. ಪ್ರಮಾಣ ಹತ್ತು ಸಾವಿರ ಭರ್ತಿಗೆ ಸುಮಾರು ಒಂದು.

ಕೇಳಲು ಸಮಾಧಾನವೇ. ಆದರೆ ಹದಿನೈದನೇ ವಯಸ್ಸಿಗೆ ಪಂಪ್ ಹಾಕಿಸಿಕೊಂಡ ಹುಡುಗಿಯ ಕಡೆಯಿಂದ ಗುಣಿಸಿ ನೋಡಿ. ದಿನದ ಪ್ರಮಾಣ ಇನ್ನೂ ಹೆಚ್ಚಿದ್ದು ಮೂರು-ನಾಲ್ಕು ತಿಂಗಳಿಗೊಮ್ಮೆ ಸೂಜಿಯೆಂದರೆ ಮೂವತ್ತು ವರ್ಷಕ್ಕೆ ಸುಮಾರು ನೂರು ಭರ್ತಿ. ಹತ್ತು ಸಾವಿರಕ್ಕೊಂದು ಎಂದದ್ದು ಅವಳ ಪಾಲಿಗೆ ನೂರಕ್ಕೊಂದು. ಬ್ಯಾಟರಿಯ ಆಯುಷ್ಯ ನಾಲ್ಕರಿಂದ ಏಳು ವರ್ಷ. ಅದು ಮುಗಿದರೆ ಇಡೀ ಪಂಪನ್ನೇ ಬದಲಿಸಬೇಕು. ಹಾಗಾಗಿ ಅದೇ ಮೂವತ್ತು ವರ್ಷದಲ್ಲಿ ಹೊಟ್ಟೆ ಮತ್ತೆ ಕೊಯ್ಯಿಸಿಕೊಳ್ಳುವುದು ಕಡಿಮೆಯೆಂದರೆ ನಾಲ್ಕು ಸಲ, ಗ್ರಹಚಾರ ಕೆಟ್ಟಿದ್ದರೆ ಏಳು.