ಮಾದರಿ ರೈಲಿನ ಎಂಜಿನಿಗೆ ತಕ್ಕ ಡಿಕೋಡರ್

ವ್ಯಾಕರಣ ಬೋಧಿಸುವ ಪಂಡಿತನು ವಿದ್ಯುತ್ ಯಂತ್ರದ ಮಾತೆತ್ತಿದರೆ ವಾಚಕ ಮಹಾಶಯರಿಗೆ ಸೋಜಿಗವೆನಿಸಬಹುದು. ಹೊರದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ವಿಜ್ಞಾನ ಕೊಠಡಿಗೆ ಎರಡು ಮಾದರಿ ರೈಲು ಎಂಜಿನುಗಳನ್ನೂ ಹಳಿಗಳನ್ನೂ ದಾನವಾಗಿ ಕಳುಹಿಸಿದಾಗ, ಅವುಗಳ ಇಂಗ್ಲಿಷ್ ಕೈಪಿಡಿಯನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಯಹೇಳುವ ಹೊಣೆ ನನ್ನ ಪಾಲಿಗೆ ಬಂದಿತು. ಆಗ ಕಲಿತುದನ್ನೂ ನಾವು ಮಾಡಿದ ತಪ್ಪೊಂದನ್ನೂ ಇಲ್ಲಿ ನಿವೇದಿಸುತ್ತೇನೆ.

ಬೆಂಗಳೂರಿನಿಂದ ತುಮಕೂರಿನ ಮೂಲಕ ಗುಬ್ಬಿಗೆ ಹೋಗುವ ರೈಲುಹಾದಿ ಹತ್ತೊಂಬತ್ತನೆಯ ಶತಮಾನದ್ದು. ಕುಣಿಗಲ್ಲಿನ ಮೂಲಕ ಹಾಸನಕ್ಕೆ ಹೋಗುವ ಹಾದಿ 2017ರಲ್ಲಿ ಸಂಚಾರಕ್ಕೆ ತೆರೆಯಿತು. ಇವೆರಡೂ ಚಿಕ್ಕಬಾಣಾವರದಲ್ಲಿ ಕವಲೊಡೆಯುತ್ತವೆ. ಮಕ್ಕಳು ಈ ಕವಲನ್ನೇ ಮೇಜಿನ ಮೇಲೆ ರಚಿಸಿದರು. ಆದರೆ ಹಳೆಯ ಪದ್ಧತಿಯಲ್ಲಿ ಹಳಿಗೆ ಹರಿಸಿದ ವಿದ್ಯುತ್ತೇ ನೇರವಾಗಿ ಮೋಟಾರನ್ನು ತಿರುಗಿಸುವುದರಿಂದ, ಒಂದು ಎಂಜಿನು ಹೊರಟರೆ ಅದೇ ಹಳಿಯ ಮೇಲಿನ ಮತ್ತೊಂದೂ ಹೊರಡುತ್ತದೆ. ಗುಬ್ಬಿಯ ಬಂಡಿಯನ್ನು ನಿಲ್ಲಿಸಿ ಕುಣಿಗಲ್ಲಿನ ಬಂಡಿಯನ್ನು ಬಿಡಬೇಕಾದರೆ ಹಳಿಗಳನ್ನು ತುಂಡರಿಸಿ ಪ್ರತಿ ತುಂಡಿಗೂ ಒಂದು ಸ್ವಿಚ್ಚನ್ನು ಇಡಬೇಕಾಗುತ್ತದೆ.

ಡಿಜಿಟಲ್ ಪದ್ಧತಿಯು ಈ ತೊಡಕನ್ನು ನಿವಾರಿಸುತ್ತದೆ. ಇದರಲ್ಲಿ ಹಳಿಗಳಲ್ಲಿ ಸದಾ ಪೂರ್ಣ ವಿದ್ಯುತ್ತು ಇರುತ್ತದೆ. ಅದರ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತ ಸಂದೇಶವನ್ನು ಒಯ್ಯುತ್ತದೆ. ಒಂದು ದಿಕ್ಕಿನಲ್ಲಿ 58 ಮೈಕ್ರೋಸೆಕೆಂಡು ನಿಂತು ಬದಲಾದರೆ ಅದು ಒಂದು ಎಂಬ ಅಂಕೆ. 100 ಅಥವಾ ಅದಕ್ಕಿಂತ ಹೆಚ್ಚು ನಿಂತರೆ ಸೊನ್ನೆ. ಎಂಜಿನಿನೊಳಗೆ ಕುಳಿತು ಈ ಅಂಕೆಗಳನ್ನು ಓದಿ ಮೋಟಾರನ್ನು ನಡೆಸುವ ಚಿಕ್ಕ ಫಲಕವೇ ಡಿಕೋಡರ್. ತರಗತಿಯಲ್ಲಿ ಹಾಜರಿ ಕೂಗಿದಾಗ ತನ್ನ ಸಂಖ್ಯೆಗೆ ಮಾತ್ರ ಓಗೊಡುವ ಬಾಲಕನಂತೆ, ಅದು ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಹೊಸ ಡಿಕೋಡರಿನ ವಿಳಾಸ ಸಾಮಾನ್ಯವಾಗಿ 3 ಆಗಿರುತ್ತದೆ. ಎರಡು ಎಂಜಿನುಗಳಿದ್ದರೆ ಒಂದರ ಸಂಖ್ಯೆಯನ್ನು ಬದಲಿಸಲೇಬೇಕು. ಜರ್ಮನಿಯ ಲೆನ್ಜ್ ಸಂಸ್ಥೆ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘವು 1990ರ ದಶಕದಲ್ಲಿ ಇದಕ್ಕೆ ಸಮಾನ ನಿಯಮಗಳನ್ನು ಗೊತ್ತುಮಾಡಿತು. ಆದುದರಿಂದ ಆ ನಿಯಮಕ್ಕೆ ಒಳಪಟ್ಟ ಯಾವ ತಯಾರಕರ ಡಿಕೋಡರಾದರೂ ಮತ್ತೊಬ್ಬರ ನಿಯಂತ್ರಕದ ಆಜ್ಞೆಯನ್ನು ಕೇಳುತ್ತದೆ.

ಇದನ್ನು ಓದಿದ ನಾವು, ಯಾವ ಡಿಕೋಡರಾದರೂ ಯಾವ ಎಂಜಿನಿಗಾದರೂ ಒಪ್ಪುವುದೆಂದು ಭಾವಿಸಿದೆವು. ತಪ್ಪು ಅಲ್ಲಿಯೇ ಆಯಿತು. ಲೋಹದ ಮೈಯ ಹಳೆಯ ಎಂಜಿನಿಗೆ, ಬೆಲೆ ಕಡಿಮೆಯೆಂದು 0.7 ಆಂಪಿಯರಿನ ಪುಟ್ಟ ಡಿಕೋಡರನ್ನು ತರಿಸಿ ಜೋಡಿಸಿದೆವು. ವಸ್ತುಪ್ರದರ್ಶನದ ಹಿಂದಿನ ಸಂಜೆ ಗಾಲಿ ಸಿಕ್ಕಿಕೊಂಡು ಮೋಟಾರು ನಿಂತಿತು. ಮರುಕ್ಷಣವೇ ಡಿಕೋಡರ್ ಸುಟ್ಟ ವಾಸನೆ ಕೊಠಡಿಯನ್ನು ತುಂಬಿತು. ದಾನಿಗಳ ಹಣವು ನಮ್ಮ ಅವಸರದಿಂದ ಹೊಗೆಯಾಯಿತು. ಮಕ್ಕಳ ಮುಖ ನೋಡಲು ನನಗೆ ಸಂಕೋಚವಾಯಿತು.

ಆದಕಾರಣ ಆಯ್ಕೆಯ ಕ್ರಮವನ್ನು ಹೇಳುತ್ತೇನೆ. ಮೊದಲನೆಯದು ಮೋಟಾರಿನ ಹಸಿವು. ಡಿಕೋಡರ್ ಇಲ್ಲದೆ ಮೋಟಾರಿಗೆ 12 ವೋಲ್ಟ್ ನೇರ ವಿದ್ಯುತ್ತನ್ನು ಕೊಟ್ಟು, ನಡುವೆ ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸಿ, ಮೋಟಾರಿನ ದಂಡವನ್ನು ಕ್ಷಣಮಾತ್ರ ತಿರುಗದಂತೆ ಹಿಡಿಯಬೇಕು. ಹೆಚ್ಚು ಹೊತ್ತು ಹಿಡಿದರೆ ತಂತಿಸುರುಳಿ ಕಾಯುತ್ತದೆ. ಆಗ ಕಾಣುವ ಆಂಪಿಯರಿಗಿಂತ ಡಿಕೋಡರಿನ ನಿರಂತರ ಸಾಮರ್ಥ್ಯವು ಹೆಚ್ಚಾಗಿರಬೇಕು. ಲಕೋಟೆಯ ಮೇಲೆ ದೊಡ್ಡದಾಗಿ ಅಚ್ಚಾದ ಸಂಖ್ಯೆ ಎಷ್ಟೋ ವೇಳೆ ಕ್ಷಣಕಾಲದ ಗರಿಷ್ಠ ಮಿತಿಯಾಗಿರುವುದುಂಟು, ಅದನ್ನು ನಂಬಲಾಗದು.

ಎರಡನೆಯದು ಮೋಟಾರಿನ ಪ್ರತ್ಯೇಕತೆ. ಹಳೆಯ ಎಂಜಿನುಗಳಲ್ಲಿ ಮೋಟಾರಿನ ಒಂದು ತುದಿ ಲೋಹದ ಚೌಕಟ್ಟಿಗೆ ತಗುಲಿ, ಅದರ ಮೂಲಕ ಹಳಿಗೆ ಸೇರಿರುತ್ತದೆ. ಈ ಸಂಪರ್ಕವನ್ನು ಕಡಿಯದೆ ಜೋಡಿಸಿದರೆ ಎಂತಹ ಡಿಕೋಡರೂ ಉಳಿಯಲಾರದು. ಕೆಂಪು ಮತ್ತು ಕಪ್ಪು ತಂತಿಗಳು ಹಳಿಯ ಕಡೆಗೆ, ಕಿತ್ತಳೆ ಮತ್ತು ಬೂದು ತಂತಿಗಳು ಮೋಟಾರಿಗೆ. ಈ ಎರಡು ಜೋಡಿಗಳು ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು.

ಮೂರನೆಯದು ಸ್ಥಳ. ಹೊಸ ಎಂಜಿನುಗಳಲ್ಲಿ 8 ಪಿನ್ನಿನ ಅಥವಾ 21 ಪಿನ್ನಿನ ಗೂಡು ಇರುವುದುಂಟು. ಅದಕ್ಕೆ ಹೊಂದುವುದನ್ನೇ ಕೊಳ್ಳಬೇಕು. ಗೂಡಿಲ್ಲದ ಎಂಜಿನಿಗೆ ತಂತಿಗಳನ್ನು ಬೆಸೆಯಬೇಕಾಗುವುದರಿಂದ ಒಳಗಿನ ಉದ್ದ, ಅಗಲ, ಎತ್ತರಗಳನ್ನು ಮುಂಚಿತವಾಗಿ ಅಳೆದಿಟ್ಟುಕೊಳ್ಳುವುದು ಲೇಸು. ದೀಪಗಳ ಸಂಖ್ಯೆ, ಸಿಳ್ಳಿನ ಧ್ವನಿ ಇವು ಕಡೆಯ ವಿಚಾರಗಳು. ಧ್ವನಿ ಬೇಕಾದರೆ ಸ್ಪೀಕರಿಗೂ ಜಾಗವಿರಬೇಕು. ಮಕ್ಕಳು ಮೊದಲು ಕೇಳುವುದು ಸಿಳ್ಳನ್ನೇ. ಹಿರಿಯರಾದ ನಾವು ಮೊದಲು ನೋಡಬೇಕಾದುದು ಆಂಪಿಯರನ್ನು.

ಎರಡನೆಯ ಬಾರಿ ಅಳೆದಾಗ ನಮ್ಮ ಹಳೆಯ ಎಂಜಿನು 1.3 ಆಂಪಿಯರ್ ತೋರಿಸಿತು. ನಿರಂತರ 1.5 ಆಂಪಿಯರ್ ತಾಳುವ ಡಿಕೋಡರನ್ನು ತರಿಸಿ, ಮೋಟಾರನ್ನು ಚೌಕಟ್ಟಿನಿಂದ ಬೇರ್ಪಡಿಸಿ ವಿದ್ಯಾರ್ಥಿಗಳೇ ಜೋಡಿಸಿದರು. ಈಗ ಗುಬ್ಬಿಯ ಬಂಡಿ ಮೇಜಿನ ಮೇಲಿನ ತುಮಕೂರಿನಲ್ಲಿ ಕಾದು ನಿಲ್ಲುತ್ತದೆ. ಕುಣಿಗಲ್ಲಿನ ಬಂಡಿ ತನ್ನ ಪಾಡಿಗೆ ಸಾಗುತ್ತದೆ. ಮುಂದೆ ಇಂತಹ ಉಪಕರಣಗಳನ್ನು ಕೊಡುವ ಮಹನೀಯರಲ್ಲಿ ನನ್ನದೊಂದು ವಿನಂತಿ: ಮೋಟಾರಿನ ಆಂಪಿಯರನ್ನು ಒಂದು ಚೀಟಿಯಲ್ಲಿ ಬರೆದು ಎಂಜಿನಿನ ಜೊತೆಗಿಡಿರಿ. ಆ ಚೀಟಿಯೂ ನಿಮ್ಮ ದಾನದ ಒಂದು ಭಾಗವೇ ಆಗುತ್ತದೆ.